ಹೆಣದ ಪಾರ್ಟು

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ರಿಟೈರಾದ ಪೇದೆ ಮುರುಗೇಶಪ್ಪ. ಅವರ ಪಕ್ಕದಲ್ಲಿ ಕರೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಗುತ್ತೆಪ್ಪ. ಇಬ್ಬರೂ ಒಂದೇ ಪೊಲೀಸ್ ಸಿನಿಮಾ ನೋಡಿ ಬಂದಿದ್ದರು.

“ಫೈಟಿಲ್ಲ, ಜೀಪು ಹಾರಲ್ಲ. ಆದ್ರೂ ಹೆಂಗೆ ಹಿಡಿದು ಕೂರಿಸ್ತು ನೋಡು, ಗುತ್ತೆಪ್ಪ.”

“ಹೆಣ ಹೆಂಗಿತ್ರಿ?”

“ಹೆಣಾನಾ?”

“ಅದು ನಾನೇ ರೀ. ಹೆಣದ ಬೊಂಬೆ ಮಾಡ್ಸಾಕೆ ಪಿಚ್ಚರ್‌ನೋರತ್ರ ರೊಕ್ಕ ಇರಲಿಲ್ಲ.”

“ಅಯ್ಯ, ನೀನೇನಾ! ವ್ಯಾನ್ ಬರೋತನಕ ಆ ಪೇದೆ ನಿನ್ನ ಪಕ್ಕ ಕೂತು ಟವೆಲ್‌ನಾಗೆ ನೊಣ ಓಡಿಸ್ತಾನಲ್ಲ, ಅದು ಖರೇ. ಅದ್ರ ಮ್ಯಾಲೇ ಪಿಚ್ಚರ್ ನಿಂತಿರೋದು. ನಾನೂ ಎಷ್ಟೋ ಹೆಣ ಕಾದಿದೀನಿ. ಒಬ್ನೇ ಕೂತು ಕೂತು ಹೆಣದ ಜೊತೆನೇ ಮಾತಾಡ್ತಿದ್ದೆ.”

“ಆ ಪೇದೆ ಪಾರ್ಟಿನವನೂ ಮಾತಾಡಿದ. ‘ಊಟ ಆತೇನಪ್ಪ?’ ಅಂದ. ನಾನು ‘ಇಲ್ರಿ’ ಅಂದ್ಬಿಟ್ಟೆ.”

ಮುರುಗೇಶಪ್ಪ ಜೋರಾಗಿ ನಕ್ಕರು. “ಹೆಣ ಆಗಿ ಬಾಯಿ ಬಿಡ್ತಾರೇನೋ?”

“ಡೈರೆಕ್ಟ್ರು ಬೈದು ಮತ್ತೆ ತೆಗೆದ್ರು. ಏನ್ಮಾಡ್ಲಿ? ನಮ್ಮ ಮನೆಯಾಕಿ ಸತ್ತ ಮ್ಯಾಲೆ ಯಾರೂ ಹಂಗೆ ಕೇಳಿರ್ಲಿಲ್ಲ.”

ಹರಿಹರ ಬಂತು. ಮುರುಗೇಶಪ್ಪ ಕಂಬಿ ಹಿಡಿದು ಎದ್ದರು.

“ನಾನೂ ಅದನ್ನೇ ಕೇಳ್ತಿದ್ದೆ ನೋಡಪ್ಪ. ಅಷ್ಟು ವರ್ಷದಾಗೆ ಒಂದು ಹೆಣಾನೂ ಉತ್ತರ ಕೊಡ್ಲಿಲ್ಲ.”

ಇಬ್ಬರೂ ಇಳಿದು ಬೇರೆ ಬೇರೆ ದಾರಿ ಹಿಡಿದರು.