ಕಾಲ್ಗುಣಕ್ಕೊಂದು ಸನ್ಮಾನ

ಮಾನ್ಯ ಅಧ್ಯಕ್ಷರೇ, ಅಧ್ಯಕ್ಷರ ಎಡಬಲದಲ್ಲಿ ಕುಳಿತು ಯಾರಿಗೂ ಕಾಣದ ಹಾಗೆ ಗಡಿಯಾರ ನೋಡಿಕೊಳ್ಳುತ್ತಿರುವ ಗಣ್ಯರೇ, ಕಪ್ ಗೆದ್ದು ತಂದ ನಮ್ಮ ಆಟಗಾರರೇ, ಗೆಲ್ಲಲಿ ಸೋಲಲಿ ಗಂಟಲು ಹರಿದುಕೊಳ್ಳುವ ಪೂರ್ವ ಗ್ಯಾಲರಿಯ ಬಂಧುಗಳೇ, ಮತ್ತು ಊಟದ ವ್ಯವಸ್ಥೆ ಇದೆ ಎಂದು ತಿಳಿದು ಬಂದಿರುವ ಪ್ರಾಮಾಣಿಕ ಸಭಿಕರೇ,

ಭಾಷಣ ಮಾಡಿ ನನಗೆ ಅಭ್ಯಾಸವಿಲ್ಲ. ಕೂಗಾಡಿ ಅಭ್ಯಾಸವಿದೆ. ಕಾರ್ಯದರ್ಶಿಗಳು ಕಿವಿಯಲ್ಲಿ, "ಐದು ನಿಮಿಷ ಸಾರ್, ಅಷ್ಟೇ" ಎಂದಿದ್ದಾರೆ. ಹೆಚ್ಚುವರಿ ಐದು ನಿಮಿಷ ಎಂದು ಬೋರ್ಡು ತೋರಿಸಿ ಒಂಬತ್ತು ನಿಮಿಷ ಆಡಿಸಿದ ರೆಫರಿಗಳನ್ನು ನಾವೆಲ್ಲ ನೋಡಿದ್ದೇವೆ. ನಾವೆಲ್ಲ ಎಂದೆನಲ್ಲವೇ? ತಪ್ಪಾಯಿತು. ನೀವು ನೋಡಿದ್ದೀರಿ, ನಾನು ಕೇಳಿಸಿಕೊಂಡಿದ್ದೇನೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನನ್ನು ಪರಿಚಯಿಸಿದವರು 'ದಂತ ತಂತ್ರಜ್ಞರು' ಎಂಬ ದೊಡ್ಡ ಮಾತು ಆಡಿದರು. ಹಿಂದಿನ ಸಾಲಿನವರು ಗಾಬರಿಯಾಗಬೇಡಿ, ನಾನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರು ಮುಂದಿನ ಕೋಣೆಯಲ್ಲಿ ನಿಮ್ಮ ಬಾಯಿಯ ಅಚ್ಚು ತೆಗೆಯುತ್ತಾರೆ. ನಾನು ಹಿಂದಿನ ಕೋಣೆಯಲ್ಲಿ ಕೂತು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಮುಂದಕ್ಕೆ ಕಳಿಸುತ್ತೇನೆ. ಈ ಸಭಾಂಗಣದಲ್ಲಿ ಈಗ ನಕ್ಕ ಹಲ್ಲುಗಳಲ್ಲಿ ಕೆಲವು ನನ್ನವೇ. ಯಾರ ಬಾಯಲ್ಲಿವೆ ಎಂದು ಹೇಳುವುದಿಲ್ಲ, ಧೈರ್ಯವಾಗಿ ನಗಿ. ಆದರೆ ನಮ್ಮ ಗೋಲ್‌ಕೀಪರ್ ಮಾತ್ರ ತಾನಾಗಿಯೇ ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಾನೆ, ಮುಂದಿನ ಮೂರೂ ನನ್ನವು. ಏನಪ್ಪಾ, ಗಟ್ಟಿಯಾಗಿವೆಯಾ? ಚೆಂಡನ್ನು ಕೈಯಲ್ಲಿ ಹಿಡಿಯಬೇಕು ಮಾರಾಯ, ಬಾಯಲ್ಲಲ್ಲ.

ನನ್ನ ಕೆಲಸದಲ್ಲಿ ಒಂದು ವಿಚಿತ್ರವಿದೆ. ಇಲ್ಲಿಯ ಅರ್ಧ ಜನರ ಬಾಯಿ ನನಗೆ ಗೊತ್ತು, ಮುಖ ಗೊತ್ತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮೇಜಿನ ತುಂಬ ಬಾಯಿ ತೆರೆದುಕೊಂಡ ಅಚ್ಚುಗಳಿರುತ್ತವೆ. ಒಂದೂ ಮಾತಾಡುವುದಿಲ್ಲ. ಅದಕ್ಕೇ ಇರಬೇಕು, ನನಗೆ ಭಾನುವಾರ ಬಂದರೆ ಜೀವ ಬಂದ ಹಾಗಾಗುತ್ತಿತ್ತು.

ಅಭಿಮಾನಿ ಎಂದರೆ ಯಾರು ಸ್ವಾಮಿ? ಟಿಕೆಟ್ ಕೊಂಡವನೇ? ಬಾವುಟ ಹಿಡಿದವನೇ? ನನ್ನನ್ನು ಕೇಳಿದರೆ, ಬೇರೆ ಯಾರದೋ ಕಾಲು ಜಾರಿದ್ದಕ್ಕೆ ತನ್ನ ವಾರವನ್ನೆಲ್ಲ ಹಾಳುಮಾಡಿಕೊಳ್ಳುವವನು ಅಭಿಮಾನಿ. ತಂಡ ಗೆದ್ದರೆ ಸೋಮವಾರ ನನ್ನ ಕೈ ತಾನಾಗಿ ಓಡುತ್ತಿತ್ತು. ಸೋತರೆ ದವಡೆ ಒಂದು ಕಡೆ, ಹಲ್ಲು ಒಂದು ಕಡೆ. ಡಾಕ್ಟರು ಸೆಟ್ಟನ್ನು ಬೆಳಕಿಗೆ ಹಿಡಿದು, "ಏನ್ರೀ, ನಿನ್ನೆ ಪೆನಾಲ್ಟೀಲಿ ಹೋಯ್ತಾ?" ಎನ್ನುತ್ತಿದ್ದರು. ನಾವು ಕೆಳಗಿನ ದರ್ಜೆಗೆ ಇಳಿದ ವರ್ಷ ಒಬ್ಬ ಯಜಮಾನರು ಮತ್ತೆ ಮತ್ತೆ ಸೆಟ್ಟು ವಾಪಸ್ ತಂದರು. ಪಾಪ, ಅವರಿಗೆ ಫುಟ್‌ಬಾಲಿನ ಗಂಧಗಾಳಿಯೂ ಇರಲಿಲ್ಲ. ನಮ್ಮ ಡಿಫೆನ್ಸಿನವರ ತಪ್ಪಿಗೆ ಅವರು ತಿಂಗಳುಗಟ್ಟಲೆ ಮೆತ್ತಗಿನದನ್ನೇ ತಿಂದುಕೊಂಡಿದ್ದರು.

ನನ್ನನ್ನು ಗ್ಯಾಲರಿಗೆ ಕರೆದುಕೊಂಡು ಹೋದವಳು ನನ್ನ ಹೆಂಡತಿ. ಹೌದು, ನಾನು ಅವಳನ್ನಲ್ಲ, ಅವಳು ನನ್ನನ್ನು. ಅವಳಿಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ವಾರವೆಲ್ಲ ಬಂದವರಿಗೆಲ್ಲ ಮೆತ್ತಗೆ ಉತ್ತರ ಕೊಟ್ಟು, ಭಾನುವಾರ ಅಷ್ಟನ್ನೂ ಸೇರಿಸಿ ರೆಫರಿಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. "ಏನಪ್ಪಾ, ಕಣ್ಣು ಮನೇಲಿ ಮರೆತು ಬಂದ್ಯಾ?" ಎಂದು ಅವಳು ಕೂಗಿದರೆ ಇಡೀ ಗ್ಯಾಲರಿ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ನಾನು ಅವಳ ಪಕ್ಕ ಕೂತು, ಇವಳ ಗಂಡ ನಾನಲ್ಲ ಎನ್ನುವ ಹಾಗೆ ಬೇರೆ ಕಡೆ ನೋಡುತ್ತಿದ್ದೆ. ಒಳಗೊಳಗೇ ಹೆಮ್ಮೆ. ಇಷ್ಟು ಜೋರಿನ ಹೆಂಗಸು, ಪೆನಾಲ್ಟಿ ಎಂದರೆ ಮಾತ್ರ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡುಬಿಡುತ್ತಿದ್ದಳು. "ನೀವು ನೋಡಿ ಹೇಳ್ರೀ, ಏನಾಯ್ತು ಹೇಳ್ರೀ." ನಾನು ನೋಡಿ ಹೇಳುತ್ತಿದ್ದೆ. ಅವಳ ಉಗುರಿನ ಗುರುತು ನನ್ನ ಕೈಮೇಲೆ ಎರಡು ಮೂರು ದಿನ ಇರುತ್ತಿತ್ತು.

ಆಮೇಲೆ ಅವಳು ಹೋದಳು. ಕಾಯಿಲೆ, ಆಸ್ಪತ್ರೆ, ಅದೆಲ್ಲ ಇಲ್ಲಿ ಬೇಡ. ಇದು ಸಂತೋಷದ ಸಮಾರಂಭ.

ಮೈಕಿನವರೇ, ಏನೋ ಗುಂಯ್ ಎನ್ನುತ್ತಿದೆ, ಸ್ವಲ್ಪ ನೋಡಿ. ಹಾಂ, ಈಗ ಸರಿಹೋಯಿತು.

ಅವಳು ಹೋದ ಮೇಲೆ ನಾನು ಮೊದಲ ಸಲ ಒಬ್ಬನೇ ಗ್ಯಾಲರಿಗೆ ಬಂದ ದಿನ ನಾವು ಎರಡಕ್ಕೆ ಮೂರು ಗೋಲಿನಿಂದ ಸೋತೆವು. ನಿಮಗೆ ನೆನಪಿರುವುದು ಸೋಲು. ನನಗೆ ನೆನಪಿರುವುದು ನಾವು ಹೊಡೆದ ಆ ಎರಡು ಗೋಲು. ಎರಡು ಸಲವೂ ಕೆಳಗಿನ ಮೆಟ್ಟಿಲಲ್ಲಿದ್ದ ಬೇಕರಿಯವರು ಮೇಲೆ ಹತ್ತಿ ಬಂದು ನನ್ನನ್ನು ತಬ್ಬಿಕೊಂಡರು. ಅವರ ಮೈಯಿಂದ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಅವರು ನನ್ನ ಬೆನ್ನಿಗೆ ಗುದ್ದಿದ ರಭಸಕ್ಕೆ ನನ್ನ ಕನ್ನಡಕ ಹಾರಿಹೋಯಿತು, ನಾಲ್ಕು ಜನ ಬಗ್ಗಿ ಹುಡುಕಿಕೊಟ್ಟರು. ಬೇಕರಿಯವರೇ, ನಿಮಗಿದು ಮರೆತಿರಬಹುದು. ನಾಚಿಕೆ ಬಿಟ್ಟು ಹೇಳುತ್ತೇನೆ. ಹೆಂಡತಿ ಹೋದಮೇಲೆ ನನ್ನನ್ನು ಯಾರಾದರೂ ತಬ್ಬಿಕೊಂಡಿದ್ದರೆ ಅದು ನಮ್ಮ ತಂಡ ಗೋಲು ಹೊಡೆದಾಗ ಮಾತ್ರ. ಬೇರೆ ಸಮಯದಲ್ಲಿ ದೊಡ್ಡ ಗಂಡಸನ್ನು ಸುಮ್ಮನೆ ಯಾರು ತಬ್ಬಿಕೊಳ್ಳುತ್ತಾರೆ, ಹೇಳಿ?

ಮುಂದಿನ ವಾರ ಬಂದೆ, ಸೋತೆವು. ಅದರ ಮುಂದಿನ ವಾರವೂ ಬಂದೆ, ಸೋತೆವು. ಹೀಗೇ ನಡೆಯಿತು. ಆಗ ನಮ್ಮ ಡ್ರಮ್ಮಣ್ಣ, ಅಗೋ ಅಲ್ಲಿ ಕಂಬದ ಮರೆಗೆ ಸರಿಯುತ್ತಿದ್ದಾನೆ ನೋಡಿ, ಗ್ಯಾಲರಿಯಲ್ಲಿ ಡ್ರಮ್ಮು ಬಾರಿಸುವ ನಮ್ಮ ಡ್ರಮ್ಮಣ್ಣ, ತಮಾಷೆಗೆ ಒಂದು ಮಾತು ಹೇಳಿದ. "ಏನ್ ಸಾರ್ ನಿಮ್ ಕಾಲ್ಗುಣ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಾರ ನನಗೆ ಜ್ವರ ಬಂತು, ಮನೆಯಲ್ಲೇ ಮಲಗಿದೆ. ನಾವು ನಾಲ್ಕು ಗೋಲಿನಿಂದ ಗೆದ್ದೆವು. ಅದರ ಮುಂದಿನ ವಾರ ಜ್ವರ ಬಿಟ್ಟಿತ್ತು, ಬಂದೆ. ಸೋತೆವು. ಈಗ ಯಾರೂ ನಗಲಿಲ್ಲ. ಬೇಕರಿಯವರು ನನ್ನ ಕಡೆ ಒಂದು ಸಲ ನೋಡಿ ಕಣ್ಣು ಆಚೆ ತಿರುಗಿಸಿದರು.

ಡ್ರಮ್ಮಣ್ಣ ನನ್ನ ಕೆಲಸದ ಕೋಣೆಗೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾ ನಿಂತ. ಅಚ್ಚುಗಳನ್ನು ನೋಡಿದ, ಕಿಟಕಿ ನೋಡಿದ, ನನ್ನನ್ನು ಮಾತ್ರ ನೋಡಲಿಲ್ಲ. "ಸಾರ್, ತಪ್ ತಿಳ್ಕೋಬೇಡಿ. ನನಗೇನೂ ನಂಬಿಕೆ ಇಲ್ಲ. ಹುಡುಗರು ಹೇಳ್ತಾರೆ..." ಎಂದ. ನನಗೆ ಅರ್ಥವಾಯಿತು. ಅವನಿಗೆ ಕಷ್ಟವಾಗಬಾರದು ಎಂದು ನಾನೇ ಹೇಳಿಬಿಟ್ಟೆ, "ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ ಕಣಯ್ಯಾ. ಈ ಒಂದು ಪಂದ್ಯಕ್ಕೆ ನಾನು ಬರಲ್ಲ ಬಿಡು." ಅವನ ಮುಖ ಅರಳಿತು. ಹೋಗುವಾಗ ಕಾಲು ಮುಟ್ಟುವುದೊಂದು ಬಾಕಿ. ಒಂದು ಪಂದ್ಯಕ್ಕೆ ಎಂದಿದ್ದು ಹೇಗೆ ವರ್ಷಗಳಾದವು ಎಂದು ನನಗೂ ತಿಳಿಯಲಿಲ್ಲ. ಗೆದ್ದರೆ, ಮುಂದಿನದಕ್ಕೂ ಬರಬೇಡಿ. ಸೋತರೆ, ಇನ್ನು ನೀವೂ ಬಂದರೆ ಮುಗಿದೇಹೋಯಿತು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ನಾನು ಹೊರಗೇ.

ಮನೆಯಲ್ಲಿ ಕೂರಲಾಗಲಿಲ್ಲ. ಮೈದಾನದ ಹೊರಗೆ, ಪೂರ್ವ ಗ್ಯಾಲರಿಯ ಗೋಡೆಯ ಹಿಂದೆ, ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲಿ ನಿಲ್ಲತೊಡಗಿದೆ. ಹೊಸಿಲು ದಾಟದಿದ್ದರೆ ಕಾಲ್ಗುಣ ತಾಗುವುದಿಲ್ಲ ಎಂದು ಡ್ರಮ್ಮಣ್ಣನೇ ತೀರ್ಪು ಕೊಟ್ಟಿದ್ದ. ಅಲ್ಲಿ ನಿಂತು ನಿಂತು ನಿಮ್ಮ ಗಂಟಲು ನನಗೆ ಬಾಯಿಪಾಠವಾಗಿದೆ. ನಾವು ಹೊಡೆದ ಗೋಲಿಗೆ ಒಂದು ಕೂಗು. ಚೆಂಡು ಕಂಬಕ್ಕೆ ಬಡಿದರೆ ಒಂದು "ಅಯ್ಯೋ", ಅದು ಮೇಲಕ್ಕೆ ಹೋಗಿ ಕೆಳಗೆ ಬೀಳುತ್ತದೆ. ಎದುರಿನವರು ಹೊಡೆದರೆ ಕೂಗೇ ಇಲ್ಲ, ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚುತ್ತೀರಿ. ಬೇಕರಿಯವರ ಶಿಳ್ಳೆ ಬೇರೆಯಾಗಿ ಕೇಳಿಸುತ್ತದೆ. ಅಷ್ಟು ಹತ್ತಿರ, ನಡುವೆ ಒಂದು ಗೋಡೆ. ಅರ್ಧ ವಿರಾಮದಲ್ಲಿ ಯಾರಾದರೂ ಹೊರಗೆ ಬಂದು "ಸಾರ್, ಹೀಗಾಯ್ತು" ಎಂದು ಹೇಳಿಹೋಗಲಿ ಎಂದು ಕಾಯುತ್ತಿದ್ದೆ. ಮೊದಮೊದಲು ಬರುತ್ತಿದ್ದಿರಿ. ಆಮೇಲೆ ನೀವೂ ಮರೆತಿರಿ. ಆಟದ ಮಧ್ಯೆ ಎದ್ದು ಬರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿಲ್ಲವೇ?

ಫೈನಲ್ ದಿನ. ಆ ಕೊನೆಯ ಕೂಗು ಎಂಥದ್ದು ಎಂದು ನಿಮಗೆ ತಿಳಿದಿರಲಿಕ್ಕಿಲ್ಲ, ಕೂಗಿದವರು ನೀವು. ಗೋಡೆಯೇ ಅದುರಿತು. ಗೆದ್ದೆವು ಎಂದು ನನಗೆ ಗೊತ್ತಾಯಿತು. ಎರಡೂ ಕೈ ಎತ್ತಿ ತಿರುಗಿದೆ. ಎದುರಿಗೆ ಸೈಕಲ್ ಸ್ಟ್ಯಾಂಡಿನ ಅಮ್ಮ ಸ್ಟೂಲಿನ ಮೇಲೆ ಕೂತು ಸ್ವೆಟರ್ ಹೆಣೆಯುತ್ತಿದ್ದರು. "ಗೆದ್ವಿ ಕಣಮ್ಮಾ! ಕಪ್ ಗೆದ್ವಿ!" ಎಂದೆ. ಆಕೆ ತಲೆ ಎತ್ತಿ, "ಹೌದಾ? ಹಂಗಾದ್ರೆ ಈಗ ಎಲ್ರೂ ಒಟ್ಗೇ ಬರ್ತಾರೆ. ಸ್ವಲ್ಪ ಆ ಕಡೆ ನಿಂತ್ಕೊಳಿ ಸಾರ್, ದಾರಿ ಬಿಡಿ" ಎಂದರು. ಎತ್ತಿದ ಕೈ ಹಾಗೇ ಇಳಿಸಿದೆ. ನೀವು ಗ್ಯಾಲರಿಯ ಹಿಂಬಾಗಿಲಿಂದ ಬರುತ್ತೀರಿ ಎಂದು ಕಾದೆ. ನೀವು ಕಪ್ ಹೊತ್ತುಕೊಂಡು ದೊಡ್ಡ ಬಾಗಿಲಿಂದ ಮೆರವಣಿಗೆ ಹೊರಟಿರಿ. ಅದು ಸರಿಯೇ, ಕಪ್ಪನ್ನು ಸೈಕಲ್ ಸ್ಟ್ಯಾಂಡಿನ ಕಡೆಯಿಂದ ಯಾರಾದರೂ ತರುತ್ತಾರೆಯೇ? ಡ್ರಮ್ಮಿನ ಸದ್ದು ದೂರವಾಗುತ್ತಾ ಹೋಯಿತು.

ಯಾರಿಗಾದರೂ ಹೇಳಬೇಕಲ್ಲ! ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಗೆದ್ವಿ!" ಎಂದೆ. "ಏನ್ ಗೆದ್ಯೋ? ಲಾಟರಿ ಹೊಡೀತಾ?" ಎಂದಳು. "ಅಲ್ಲಕ್ಕಾ, ಫುಟ್‌ಬಾಲು." "ಈ ವಯಸ್ಸಲ್ಲಿ ಆಡ್ಬೇಡ ಕಣೋ, ಮಂಡಿ ಹೋಗತ್ತೆ" ಎಂದಳು. ನಗಿ, ನಗಿ, ನಾನೂ ನಕ್ಕೆ. ಫೋನಿಟ್ಟ ಮೇಲೆ ಅಳು ಬಂತು.

ಈಗ ಕಾರ್ಯದರ್ಶಿಗಳು ಇಲ್ಲಿ ನಿಂತು, ಈ ಕಪ್ಪಿನ ಹಿಂದೆ ಇವರ ತ್ಯಾಗವಿದೆ ಎಂದರು. ಚಪ್ಪಾಳೆ ಬಿತ್ತು. ಅಭಿಮಾನಿ ರತ್ನ ಎಂಬ ಬಿರುದು ಕೊಟ್ಟಿದ್ದೀರಿ. ಮೈದಾನಕ್ಕೆ ಬಾರದೇ ಇದ್ದುದಕ್ಕೆ ಅಭಿಮಾನಿ ರತ್ನ! ಜಗತ್ತಿನಲ್ಲಿ ಬೇರೆ ಯಾರಿಗೂ ಸಿಕ್ಕಿರಲಾರದು. ನಿಮ್ಮ ಪ್ರೀತಿ ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತ್ಯಾಗ ಮಾಡಿದವನಿಗೆ ಮನಸ್ಸು ಹಗುರವಾಗಿರುತ್ತದೆ ಎನ್ನುತ್ತಾರೆ. ನನಗೆ ಹಾಗಾಗಿಲ್ಲ. ನನಗೆ ಬೇಜಾರಾಗುತ್ತದೆ. ಭಾನುವಾರ ಬಂತೆಂದರೆ ಇನ್ನೂ ಹೆಚ್ಚು.

ಬಿರುದಿನ ಜೊತೆಗೆ ಅಧ್ಯಕ್ಷರು ಈ ಪಾಸು ಕೊಟ್ಟರು. ಪೂರ್ವ ಗ್ಯಾಲರಿಗೆ ಆಜೀವ ಪ್ರವೇಶ. ಕೈಗೆ ಬಂದಾಗಿನಿಂದ ಇದೊಂದೇ ಯೋಚನೆ. ಕಪ್ ಗೆದ್ದು ಮತ್ತೆ ಮೇಲಿನ ದರ್ಜೆಗೆ ಏರಿದ್ದೇವೆ, ಈ ಭಾನುವಾರ ಅಲ್ಲಿ ನಮ್ಮ ಮೊದಲ ಪಂದ್ಯ. ಅದಕ್ಕೇ ನೇರವಾಗಿ ಕೇಳಿಬಿಡುತ್ತೇನೆ. ನಾನು ಒಳಗೆ ಬರಲೇ? ಬರಲಿ ಎನ್ನುವವರು ದಯವಿಟ್ಟು ಕೈ ಎತ್ತಿ.

ಸಂಕೋಚ ಬೇಡ.

ಅಧ್ಯಕ್ಷರು ಎತ್ತಿದರು. ಓ, ಇಲ್ಲ, ಫ್ಯಾನು ಜೋರು ಮಾಡಲು ಹೇಳಿದ್ದು.

ಇರಲಿ. ಇರಲಿ ಬಿಡಿ. ತಲೆ ತಗ್ಗಿಸಬೇಡಿ, ನೀವೇನೂ ಕೆಟ್ಟವರಲ್ಲ. ಬೇಕರಿಯವರೇ, ದಯವಿಟ್ಟು ನನ್ನ ಕಡೆ ನೋಡಿ. ನನಗೇನೂ ಕೋಪವಿಲ್ಲ. ಆ ಕಡೆ ನಾನು ಕೂತಿದ್ದು, ಈ ಕಡೆ ನಿಮ್ಮಲ್ಲೊಬ್ಬರು ನಿಂತು ಇದೇ ಮಾತು ಕೇಳಿದ್ದರೆ, ದೇವರಾಣೆ, ನಾನೂ ಕೈ ಎತ್ತುತ್ತಿರಲಿಲ್ಲ. ಮೇಲಿನ ದರ್ಜೆಯ ಮೊದಲ ಪಂದ್ಯ ಎಂದರೆ ಹುಡುಗಾಟವೇ? ಭಾನುವಾರ ನಾನು ಹೊರಗೇ ಇರುತ್ತೇನೆ. ನೀವು ನಿಶ್ಚಿಂತೆಯಿಂದ ಕೂಗಿ.

ಆದರೆ ಒಂದು ಮಾತು. ಗುರುವಾರ ಸಂಜೆ ನಮ್ಮ ಹುಡುಗರು ಬ್ಯಾಂಕಿನವರ ತಂಡದ ಜೊತೆ ಅಭ್ಯಾಸ ಪಂದ್ಯ ಆಡುತ್ತಾರೆ. ಅದಕ್ಕೆ ಅಂಕವಿಲ್ಲ, ಅದು ಪೇಪರಿನಲ್ಲೂ ಬರುವುದಿಲ್ಲ, ಸೋತರೆ ಯಾರ ಗಂಟೂ ಹೋಗುವುದಿಲ್ಲ. ಯಾರೂ ನೋಡಲೂ ಹೋಗುವುದಿಲ್ಲ. ಅದಕ್ಕೆ ನಾನು ಒಳಗೆ ಬಂದರೆ ಯಾರಿಗೂ ತೊಂದರೆಯಿಲ್ಲವಲ್ಲ? ನಾನು ಬರುತ್ತೇನೆ. ಬಿಡುವಿದ್ದರೆ ನಿಮ್ಮಲ್ಲಿ ಒಬ್ಬರಾದರೂ ಬನ್ನಿ. ಈಗ ಕೈ ಎತ್ತುವುದೆಲ್ಲ ಬೇಡ, ಒಂದು ಸಲ ಆಯಿತಲ್ಲ, ಸಾಕು. ನಾನು ಬೇಗ ಬಂದು ಪಕ್ಕದಲ್ಲಿ ಕರ್ಚೀಫು ಹಾಕಿ ಜಾಗ ಹಿಡಿದಿರುತ್ತೇನೆ. ಗೋಲಾದರೆ ಎದ್ದು ನಿಲ್ಲೋಣ. ಬ್ಯಾಂಕಿನವರು ಹೊಡೆದ ಗೋಲಾದರೂ ಪರವಾಗಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ಊಟಕ್ಕೆ ತಡಮಾಡಿದ್ದಕ್ಕೆ ಕ್ಷಮೆಯಿರಲಿ. ಗುರುವಾರ, ಸಂಜೆ ಐದಕ್ಕೆ. ನಮಸ್ಕಾರ.