ಸಮುದ್ರದ ಕೆಳಮಹಡಿ

ಬಲೆ ರಿಪೇರಿ ಅಂಗಡಿಯ ಸಾಲಿನಲ್ಲಿ ದೋಣಿ ಯಜಮಾನನೂ ಅವನ ಭಾಮೈದನೂ ಹರಿದ ಬಲೆ ಹೊತ್ತು ನಿಂತಿದ್ದರು. ಹಿಂದಿದ್ದ ಡ್ರಿಲ್ ಮಾಸ್ತರು ವಾಲಿಬಾಲ್ ಬಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಕಿವಿ ನಿಮಿರಿಸಿದರು.

“ಮೀನು ತೋರಿಸೋ ಮಿಷನ್ನಿನ ನಾಬು ಯಾಕೋ ಪೂರ್ತಿ ತಿರುಗಿಸ್ದೆ?”

“ಜಾಸ್ತಿ ತಿರುಗಿಸಿದ್ರೆ ಜಾಸ್ತಿ ಮೀನು ಕಾಣತ್ತೆ ಅಂತ, ಭಾವ.”

“ಮಿಷನ್ ಗೆರೆ ಎಳೆಯೋ ಕಾಗದವೆಲ್ಲ ಮಸಿ ಆಯ್ತಲ್ಲೋ!”

“ಆದ್ರೂ ಸಮುದ್ರಕ್ಕೆ ಎರಡು ತಳ ಚೆನ್ನಾಗಿ ಕಾಣ್ತು.”

“ಇರೋದು ಒಂದೇ ತಳ ಕಣೋ! ಮಿಷನ್ ಬಿಟ್ಟ ಸದ್ದು ತಳಕ್ಕೆ ಎರಡು ಸಲ ಹೋಗಿ ಬಂತು, ಅದಕ್ಕೆ ಎರಡನೇ ಗೆರೆ ಬಿತ್ತು.”

“ನಾನು ಕೆಳಮಹಡಿ ಅಂದ್ಕೊಂಡೆ.”

“ಅದಕ್ಕೇ ಅಷ್ಟು ಆಳಕ್ಕೆ ಬಲೆ ಬಿಟ್ಯಾ?”

“ಮೀನೆಲ್ಲ ಅಲ್ಲೇ ಇದ್ವಲ್ಲ, ಭಾವ.”

“ಅಲ್ಲಿ ಬಲೆ ಹರಿಯೋ ಬಂಡೆ ಇತ್ತು! ಇನ್ನೊಂದ್ಸಲ ಮಿಷನ್ ಮುಟ್ಟು, ದೋಣಿಯಿಂದಲೇ ಇಳಿಸ್ತೀನಿ.”

“ಅಕ್ಕ ಒಪ್ಪಲ್ಲ.”

“ಅವಳನ್ನೇ ಕೇಳೋಣ ನಡಿ.”

“ಕೇಳಾಯ್ತು. ಕಾಗದ ತೋರಿಸ್ದೆ. ಇಷ್ಟೊಂದು ಮೀನು ನಿಮ್ಮ ಕಾಲದಲ್ಲಿ ಒಂದಿನಾನೂ ಕಾಣ್ಲಿಲ್ವಂತೆ. ಇನ್ಮೇಲೆ ಮಿಷನ್ ನಾನೇ ನೋಡ್ಕೋಬೇಕಂತೆ.”

ಅಷ್ಟರಲ್ಲಿ ಅಂಗಡಿಯವನು ಕರೆದ. ಯಜಮಾನ ಇಡೀ ಬಲೆಯನ್ನು ತಾನೊಬ್ಬನೇ ಹೊತ್ತುಕೊಂಡ. ಭಾಮೈದ ಕಪ್ಪು ಕಾಗದದ ಸುರುಳಿಯನ್ನು ಜೋಪಾನವಾಗಿ ಎದೆಗೊತ್ತಿಕೊಂಡು ಮುಂದೆ ಮುಂದೆ ನಡೆದ.