ಮುಬಾರಕನ ಬಾಂವಿ, ನನ್ನ ರುಮಾಲು

...ಅಲ್ಲ, ಬಾಂವಿ ಬಾಯಿಗಲ್ಲಿನ ಮ್ಯಾಲೆ ನನ್ನ ಹೆಸರು ಕೊರಸ್ತಾರಂತ ಯಾರು ಹೇಳಿದ್ರು ನಿಮಗ? ಗೌಡರ ಮಗಾನ? ನಾಳೀಗೇನ? ಹಂಗಾದ್ರ ಕುಂದರ್ರಿ ಇಲ್ಲೆ, ಕಟ್ಟಿ ಮ್ಯಾಲೆ. ಇವತ್ತ ಹೇಳದಿದ್ರ ಇನ್ನ ಹೇಳಾಂಗಿಲ್ಲ. ಏ, ನಗಬ್ಯಾಡ್ರಿ. ಬಸಪ್ಪ ಕಾಕಾ ಬಾಯಿ ತೆಗದ ಕೂಡ್ಲೆ ನಗಬೇಕಂತ ನಿಮ್ಮವ್ವ ಕಲಿಸ್ಯಾಳ, ಗೊತ್ತೈತಿ ನನಗ. ಹುಲಿ ಹೆಗಲಿಗೆ ನೊಗಾ ಹೂಡಿ ಎರಡೆಕರೆ ಉತ್ತಾಂವ ನಾನು. ಜಕ್ಕಲಿ ಹಾದ್ಯಾಗ ಸುಂಟರಗಾಳೀನ ಧೋತರದಾಗ ಕಟಗೊಂಡ ಮನೀಗೆ ತಂದಾಂವ ನಾನು. ಅವೆಲ್ಲ ಖರೇನ. ಅಂದ್ರ, ಧೋತರದ್ದು ಅರ್ಧಾ ಖರೆ. ಆದ್ರ ಬಾಂವಿದು ಪೂರಾ ಸುಳ್ಳು. ಈ ಬಾಂವಿ ಕಟ್ಟಿದಾಂವ ನಾ ಅಲ್ಲ.

ನರಗುಂದದಾಗ ಇಂಗ್ರೇಜರ ಕೂಡ ಗದ್ದಲ ಆತಲ್ಲ, ಅದಕ್ಕಿಂತ ನಾಕೈದು ವರ್ಷ ಮೊದಲಿನ ಮಾತು. ಅಬ್ಬಿಗೇರ್ಯಾಗ ಈ ಓಣಿ ಮಂದಿ ಕುಡಿಯೂ ನೀರಿಗೆ ಹಳ್ಳಕ್ಕ ಹೋಗಬೇಕು. ನಿಮ್ಮ ಕಾಕು, ನನ್ನ ಹೇಣ್ತಿ, ತಲಿ ಮ್ಯಾಲೊಂದು ಕೊಡಾ, ಸೊಂಟಕ್ಕೊಂದು ಕೊಡಾ, ಹೊಟ್ಟ್ಯಾಗ ಏಳು ತಿಂಗಳಿನ ಕೂಸು, ಹಂಗ ಹೋಗತಿದ್ಲು. ಒಂದಿನ ಜಾರಿ ಬಿದ್ಲು. ಕೊಡಾ ಉಳೀತು, ಕೂಸು ಉಳೀಲಿಲ್ಲ. ...ಇರಲಿ. ಅವತ್ತ ಗೌಡರ ಮುಂದ ಎದಿ ತಟಗೊಂಡು ಅಂದೆ, "ಗೌಡ್ರ, ಓಣ್ಯಾಗ ಬಾಂವಿ ಕಟ್ಟತೀನಿ, ಇಲ್ಲಂದ್ರ ಮೀಸಿ ಬೋಳಸ್ತೀನಿ!" ತೋಡೂದೇನು ದೊಡ್ಡ ಮಾತಲ್ಲ. ಯರಿ ಭೂಮ್ಯಾಗ ಬಾಂವಿ ನಿಂದರೂದು ದೊಡ್ಡ ಮಾತು. ಯರಿ ಮಣ್ಣು ಹ್ಯಾಂಗಂದ್ರ, ಮಳಿ ಬಿದ್ರ ಉಬ್ಬಿ ಗೋಡೀನ ನೂಕತೈತಿ, ಬ್ಯಾಸಗಿ ಬಂದ್ರ ಕೈ ಹೋಗುವಷ್ಟು ಬಿರೀತೈತಿ. ಮೂರ ಸಲ ಗೋಡಿ ಕಟ್ಟಿದೆ. ಸುಣ್ಣದ ಗಚ್ಚು ಹಾಕಿ, ಬೆಲ್ಲ ಕಲಸಿ, ಮಂತ್ರಾ ಹಾಕಿಸಿ. ಮೂರೂ ಸಲ ಕುಸೀತು. "ಬಸ್ಯಾ, ಕ್ಷೌರಿಕನ್ನ ಕರಸ್ಲೇನು?" ಅಂದ್ರು ಗೌಡ್ರು.

ಆಗ ಬಂದಾಂವ ಮುಬಾರಕ. ಸಿದ್ದಿ ಮನಷ್ಯಾ, ಹಬಶಿ ಅಂತಾರ ನೋಡ್ರಿ, ಅಂವ. ನರಗುಂದದ ಕೋಟಿ ಗೋಡಿ ದುರಸ್ತಿ ಮಾಡೂ ಮನಿತನ. ಅವರಪ್ಪ ಕಟ್ಟಿದ್ದನ್ನ ಇಂವ ತಿದ್ದತಿದ್ದ. ಕುಸದ ಬಾಂವ್ಯಾಗ ಇಳದು, ಒಂದು ಹಿಡಿ ಮಣ್ಣು ಮೂಸಿ ನೋಡಿ ಅಂದ, "ಬಸಣ್ಣಾರ, ಗಚ್ಚು ಬ್ಯಾಡ್ರಿ. ಮಣ್ಣಿಗೂ ಕಲ್ಲಿಗೂ ನಡುವ ಒಂದು ಮೊಳ ಗರಸು ತುಂಬೂಣು. ಮಣ್ಣು ಉಬ್ಬಿದ್ರ ಗರಸು ತಡೀತೈತಿ, ನೀರು ಬಂದ್ರ ಸಂದ್ಯಾಗ ಸೋಸಿ ಒಳಗ ಬೀಳತೈತಿ." ನಾ ನಕ್ಕೆ. "ಹಬಶಿ ಹುಟ್ಟಿದ್ದು ದೊಡ್ಡೋರ ಬಾಗಲಾ ಕಾಯಾಕಪಾ, ಬಾಂವಿ ಕಟ್ಟಾಕಲ್ಲ" ಅಂದೆ. ಅಂವ ಸಿಟ್ಟಿಗೇಳಲಿಲ್ಲ. "ಕಾಯೂದಕ್ಕಿಂತ ಮೊದಲ ಬಾಗಲಾ ಕಟ್ಟಿದೋರು ನಾವ್ರಿ" ಅಂದ. ಅವರಜ್ಜ ಹೇಳತಿದ್ನಂತ, ಕಡಲಿನ ಆಚೆ ಅವರ ದೇಶದಾಗ ಗುಡಿ ಮ್ಯಾಲೆ ಏರಸಾಂಗಿಲ್ಲ, ನೆಲದಾಗ ಇಳಸ್ತಾರಂತ. ಒಂದ ಅಖಂಡ ಕಲ್ಲು, ಮ್ಯಾಲಿಂದ ಕೆಳಗ ಕಡಕೋತ ಹೋಗಿ ಕಂಬ, ಕಿಡಕಿ, ಬಾಗಲಾ, ಎಲ್ಲಾ ಅದರಾಗ. ಗುಡಿ ಮಾಳಗಿ ನಮ್ಮ ಪಾದದ ಸಮಕ್ಕ. "ಏ ಮುಬಾರಕ, ಸುಳ್ಳು ಹೇಳೂದು ಈ ಊರಾಗ ನನ್ನ ಕೆಲಸ, ನೀ ಕಸಗೋಬ್ಯಾಡ" ಅಂದೆ. ಅಂವ ಏನಂದ ಗೊತ್ತೇನು? "ನೀವು ನೀರಿಗೆ ತೋಡ್ತೀರಿ, ನಮ್ಮೋರು ದೇವರಿಗೆ ತೋಡಿದ್ರು. ಅಷ್ಟ ಫರಕು."

ಒಂದು ಹನಿ ಗಚ್ಚಿಲ್ಲದ ಕಟ್ಟಿದ. ಆ ಮಳಿಗಾಲ ಗೋಡಿ ಕೂದಲೆಳೆ ಅಲಗಲಿಲ್ಲ. ಈಗ ನಮ್ಮ ಪದ್ಧತಿ ಗೊತ್ತಲ್ಲ, ಮೊದಲನೇ ನೀರು ಸೇದಿದ ದಿವಸ ಕಟ್ಟಿದಾಂವನ ತಲಿಗೆ ರುಮಾಲು ಸುತ್ತೂದು, ಬಾಯಿಗಲ್ಲಿನ ಮ್ಯಾಲೆ ಅಂವ ತನ್ನ ಗುರ್ತು ಕೊರೇದು. ಬಾಯಿಗಲ್ಲು ತರಾಕ ಅಂವನ್ನ ಗಜೇಂದ್ರಗಡಕ್ಕ ಕಳಿಸಿದ್ದೆ. ಅಷ್ಟರಾಗ ಅಯ್ಯನೋರು ಮುಹೂರ್ತ ಎರಡು ದಿನ ಮೊದಲ ಇಟ್ಟಬಿಟ್ರು. "ಇಲ್ಲರಿ, ಮುಬಾರಕ ಬರಲಿ" ಅನ್ನಬೇಕಾಗಿತ್ತು ನಾ. ಅನ್ನಲಿಲ್ಲ. ಮರತಿದ್ದೆ... ಇಲ್ಲ, ಮರತಿರಲಿಲ್ಲ. ಇವತ್ತರ ಖರೇ ಹೇಳತೀನಿ, ನೆನಪಿತ್ತು. ಗೌಡ್ರು ರುಮಾಲು ಹಿಡಕೊಂಡು ಬಂದ್ರು, ನನ್ನ ತಲಿ ತಾನಾಗೆ ಬಗ್ಗಿತು.

ಮೂರನೇ ದಿನ ಅಂವ ಬಂಡ್ಯಾಗ ಕಲ್ಲು ಹೇರಕೊಂಡು ಬಂದ. ನನ್ನ ತಲಿ ನೋಡಿದ. "ಚಲೋ ಒಪ್ಪತೈತಿ, ಬಸಣ್ಣಾರ" ಅಂದ. ಆಮ್ಯಾಲೆ ಸಾವಕಾಶ, "ಗುರ್ತು ಕೊರೀಲೇನ್ರಿ? ಒಂದು ಗೀಟು, ಗೀಟಿನ ಕೆಳಗ ಒಂದು ಬಾಗಲಾ. ಅಷ್ಟ." "ಕೊರಿಯಂತಿ ಬಿಡೋ, ಸುಗ್ಗಿ ಮುಗೀಲಿ" ಅಂದೆ. ಎಷ್ಟ ಸುಗ್ಗಿ ಮುಗದ್ವು.

ಮುಂದ ನರಗುಂದದ ಕೋಟಿ ಬಿತ್ತು. ಪಲ್ಟನ್ ಬಂದು ಗೋಡಿ ಒಡೀತು. ಅದಾಗಿ ಸ್ವಲ್ಪ ದಿವಸಕ್ಕ ಒಬ್ಬ ಹೆಣ್ಣಮಗಳು ಬಂದ್ಲು, ನಡಕೋತ, ಬಗಲಾಗ ಕೂಸು. ಮುಬಾರಕನ ಮಗಳು ಜೈತೂನ. ಚಾವಡಿ ಮುಂದ ನಿಂತು ಅಂದ್ಲು, "ನಮ್ಮಪ್ಪ ಹೋದ್ನರಿ. ನರಗುಂದದಾಗ ನಮ್ಮೋರು ಕಟ್ಟಿದ್ದೆಲ್ಲ ಮಣ್ಣಾತು. ಉಳದಿದ್ದು ನಿಮ್ಮ ಬಾಂವಿ ಒಂದ. ಹಬಶ್ಯಾರಿಗೆ ಕಟ್ಟಾಕ ಬರಾಂಗಿಲ್ಲ ಅಂತಾರ. ಈ ಕೂಸಿಗೆ ತೋರಸಾಕ ನನಗೊಂದು ಕಲ್ಲು ಬೇಕ್ರಿ. ಗುರ್ತು ಕೊರೀಲಿಕ್ಕೆ ಬಿಡ್ರಿ." ಗೌಡ್ರು ನನ್ನ ಕಡೆ ತಿರುಗಿದ್ರು. "ಏನಲೇ ಬಸ್ಯಾ, ಬಾಂವಿ ನಿಂದೋ, ಇವರಪ್ಪಂದೋ?" ಆಕಿ ನನ್ನ ಮಾರಿ ನೋಡಿದ್ಲು. "ನೀವ ಹೇಳ್ರಿ ಕಾಕಾರ, ನಿಮಗ ಗೊತ್ತೈತಿ."

ಹೇಳಬೇಕಾಗಿದ್ದು ಒಂದ ಮಾತು. ನಾ ಏನಂದೆ ಗೊತ್ತೇನು? "ನಿಮ್ಮಪ್ಪ ಇಳದಿದ್ದು ಖರೇ ಇರಬೇಕವಾ, ಅದಕ್ಕ ನೀರು ಅಷ್ಟು ಕರ್ರಗ ಕಾಣತಾವು!"

ಚಾವಡಿಗೆ ಚಾವಡಿನ ನಕ್ಕಿತು. ಆಕಿ ನಗಲಿಲ್ಲ. ಬಾಂವಿಗೆ ಹೋಗಿ ಒಂದು ಕೊಡಾ ಸೇದಿದ್ಲು. ಆ ಬಾಯಿಗಲ್ಲು ತೊಳದ್ಲು, ಸೆರಗಿನಿಂದ ಒರಸಿದ್ಲು, ಕೂಸಿನ ಅಂಗೈ ಹಿಡದು ಅದರ ಮ್ಯಾಲೆ ಇಟ್ಲು. ಹೋದ್ಲು. ಒಂದು ಬೊಗಸಿ ನೀರು ಸೈತ ಕುಡೀಲಿಲ್ಲ.

ಅವತ್ತಿಂದ ಬಾಂವಿ ಮುಬಾರಕಂದು ಅಂತ ಎಷ್ಟು ಸಲ ಹೇಳೀನಿ. ಮದಿವಿ ಮನ್ಯಾಗ ಹೇಳೀನಿ, ರೋಣದ ಸಂತ್ಯಾಗ ಹೇಳೀನಿ, ಗೌಡ್ರು ಸಾಯುಮುಂದ ಅವರ ಕಿವ್ಯಾಗ ಹೇಳೀನಿ. ಸಾಯೂ ಮನಷ್ಯಾನೂ ನಕ್ಕ! "ಬಸ್ಯಾ, ಕಡೀಕೂ ನಗಿಸಿ ಕಳಸಾಕತ್ತಿ" ಅಂದ. ಹುಲಿದು ನಂಬಿದೋರು ಇದನ್ನ ನಂಬವಲ್ರು.

ಅದಕ್ಕ ನಾಳೆ ಕಲ್ಲುಕುಟಿಗ ಉಳಿ ಹಿಡಕೊಂಡು ಬರೂದ್ರಾಗ ನೀವು ಹೋಗ್ರಿ. ನೀವಿನ್ನೂ ಸುಳ್ಳು ಹೇಳಿಲ್ಲ, ನಿಮ್ಮನ್ನ ನಂಬ್ಯಾರು. ಬಾಯಿಗಲ್ಲಿನ ಮ್ಯಾಲೆ ಇದ್ದಲಿಯಿಂದ ಬರೀರಿ, ಒಂದು ಗೀಟು, ಕೆಳಗೊಂದು ಬಾಗಲಾ. ಇಲ್ಲೆ ಉಳಿ ಇಡಪಾ ಅನ್ರಿ. ನನ್ನ ಹೆಸರು ಕೊರ್ಯಾಕ ಬಂದ್ರ ಕಲ್ಲಿನ ಮ್ಯಾಲೆ ಕುಂತಬಿಡ್ರಿ, ಏಳಬ್ಯಾಡ್ರಿ. ಮತ್ತ ಇದೊಂದು ತಿಳಕೊಳ್ರಿ, ಇನ್ನೊಬ್ಬರ ರುಮಾಲು ಸುತಗೊಂಡ್ರ ಬಿಸಿಲು ತಾಗಾಂಗಿಲ್ಲ ಖರೆ, ತಲಿ ಒಳಗಿಂದ ಸುಡತೈತಿ. ಏಳ್ರಿ, ಒಲಿ ಮುಂದ ಇದ್ದಲಿ ಐತಿ, ತಗೋರಿ.